ಅಪ್ಪನ ಕಾಲದ ಲೆನ್ಸು, ಮೊಮ್ಮಗನ ಕಾಲದ ಕ್ಯಾಮರಾ

ಪುಣೆಯಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ನಮ್ಮ ಕನ್ನಡ ಮನೆಗಳ ಕಪಾಟುಗಳನ್ನು ತೆರೆದು ನೋಡಿದರೆ, ಹಳೆಯ ಪಾಸ್‌ಬುಕ್ಕುಗಳು, ಮದುವೆಯ ಕರೆಯೋಲೆಗಳು, ನಿಂತುಹೋದ ಎಚ್.ಎಂ.ಟಿ. ಗಡಿಯಾರಗಳ ನಡುವೆ ಚರ್ಮದ ಚೀಲದಲ್ಲಿ ಹಳೆಯ ಕ್ಯಾಮರಾವೊಂದು ಇರುವುದು ಅಪರೂಪವೇನಲ್ಲ. ಅದನ್ನು ಬಳಸುತ್ತಿದ್ದ ಹಿರಿಯರು ಈಗ ಇಲ್ಲ. ಫಿಲ್ಮ್ ರೋಲು ದುಬಾರಿ, ತೊಳೆದುಕೊಡುವವರು ವಿರಳ. ಮನೆ ಬದಲಿಸುವಾಗಲೋ, ಸುಣ್ಣಬಣ್ಣ ಮಾಡಿಸುವಾಗಲೋ ಅದು ರದ್ದಿಯವನ ತಕ್ಕಡಿಯನ್ನು ಸೇರುತ್ತದೆ. ಇಲ್ಲವೆ ಬುಧವಾರ ಭಾನುವಾರಗಳಂದು ನೆರೆಯುವ ಜೂನಾ ಬಾಜಾರಿನಲ್ಲಿ ನೆಲದ ಮೇಲೆ ಹಾಸಿದ ತಾಡಪಾಲಿನ ಮೇಲೆ ಪ್ರತ್ಯಕ್ಷವಾಗುತ್ತದೆ. ಹಾಗೆ ಬಿಟ್ಟುಕೊಡುವ ಮೊದಲು ಒಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ಕ್ಯಾಮರಾದ ಪೆಟ್ಟಿಗೆಗೆ ಬೇಗ ವಯಸ್ಸಾಗುತ್ತದೆ, ಲೆನ್ಸಿಗೆ ಅಷ್ಟು ಬೇಗ ಆಗುವುದಿಲ್ಲ. ಐವತ್ತು ಅರವತ್ತು ವರ್ಷಗಳ ಹಿಂದಿನ ಲೆನ್ಸನ್ನು ಇಂದಿನ ಡಿಜಿಟಲ್ ಕ್ಯಾಮರಾಕ್ಕೆ ತೊಡಿಸಿ ಚಿತ್ರ ತೆಗೆಯಬಹುದು. ಆದರೆ ಎಲ್ಲ ಲೆನ್ಸುಗಳಿಗೂ ಆ ಯೋಗವಿಲ್ಲ. ಯಾವುದಕ್ಕುಂಟು, ಯಾವುದಕ್ಕಿಲ್ಲ, ಏಕೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇದನ್ನು ಅರಿಯಲು 'ರೇಂಜ್‌ಫೈಂಡರ್' ಎಂಬ ಜಾತಿಯ ಕ್ಯಾಮರಾದಿಂದ ಆರಂಭಿಸುವುದು ಅನುಕೂಲ. ಹಳೆಯ ಲೆನ್ಸಿಗೂ ಹೊಸ ಕ್ಯಾಮರಾಕ್ಕೂ ಅತ್ಯಂತ ಸಹಜವಾಗಿ ಹೊಂದಾಣಿಕೆಯಾಗುವುದು ಇಲ್ಲಿಯೇ. ರೇಂಜ್‌ಫೈಂಡರ್ ಎಂದರೆ ದೂರಮಾಪಕ. ಈ ಕ್ಯಾಮರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ಮೂಲೆಯಲ್ಲಿರುವ ಬೇರೊಂದು ಕಿಂಡಿಯ ಮೂಲಕ ನೋಡುತ್ತೇವೆ. ಅದರಿಂದ ಸುಮಾರು 7 ಸೆಂಟಿಮೀಟರ್ ಆಚೆಗೆ ಇನ್ನೊಂದು ಪುಟ್ಟ ಕಿಂಡಿಯಿರುತ್ತದೆ. ನಮ್ಮ ಎರಡು ಕಣ್ಣುಗಳು ದೂರವನ್ನು ಅಂದಾಜು ಮಾಡುವ ಬಗೆಯಲ್ಲಿಯೇ ಈ ಎರಡು ಕಿಂಡಿಗಳು ಕೆಲಸ ಮಾಡುತ್ತವೆ. ನೋಟದ ನಡುವಿನ ಒಂದು ಸಣ್ಣ ಚೌಕದಲ್ಲಿ ವಸ್ತುವಿನ ಎರಡು ಬಿಂಬಗಳು ಕಾಣುತ್ತವೆ. ಲೆನ್ಸಿನ ಬಳೆಯನ್ನು ತಿರುಗಿಸುತ್ತ ಹೋದಂತೆ ಅವು ಹತ್ತಿರವಾಗುತ್ತವೆ. ಒಂದರಲ್ಲೊಂದು ಲೀನವಾದಾಗ ಫೋಕಸ್ ಸರಿಯಾಯಿತೆಂದು ಅರ್ಥ. ಲೆನ್ಸಿಗೂ ಈ ಕಿಂಡಿಗಳಿಗೂ ಇರುವ ಸಂಬಂಧ ಕೇವಲ ಯಾಂತ್ರಿಕವಾದುದು. ಲೆನ್ಸಿನ ಹಿಂಬದಿಯ ಲೋಹದ ಅಂಚು ಕ್ಯಾಮರಾದೊಳಗಿನ ಸನ್ನೆಯೊಂದರ ತುದಿಯಲ್ಲಿರುವ ಪುಟ್ಟ ಗಾಲಿಯನ್ನು ಒತ್ತುತ್ತದೆ. ಲೆನ್ಸು ಎಷ್ಟು ಮುಂದೆ ಸರಿಯಿತೆಂಬುದನ್ನು ಆ ಗಾಲಿ ಕಿಂಡಿಗಳಿಗೆ ಮುಟ್ಟಿಸುತ್ತದೆ. ಇದರಲ್ಲಿ ಮೋಟಾರಿಲ್ಲ, ವಿದ್ಯುತ್ತಿಲ್ಲ.

ತಾನಾಗಿಯೇ ಫೋಕಸ್ ಮಾಡಿಕೊಳ್ಳುವ ಕ್ಯಾಮರಾ ಸಾಮಾನ್ಯರ ಕೈಗೆ ಬಂದದ್ದು 1977ರಲ್ಲಿ, ಜಪಾನಿನ ಕೋನಿಕಾ ಕಂಪನಿಯ ಸಿ35 ಎಎಫ್ ಮೂಲಕ. ಅದಕ್ಕೂ ಮೊದಲು ಎಲ್ಲರದೂ ಕೈಯ ಲೆಕ್ಕಾಚಾರವೇ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ದೇಶದ ಉದ್ದಗಲಕ್ಕೂ ಸಂಚರಿಸಿ ಮಕ್ಕಳ, ಶ್ರಮಜೀವಿಗಳ ಚಿತ್ರಗಳನ್ನು ತೆಗೆದ ಆರಂಭದ ದಶಕಗಳಲ್ಲಿ ಫೋಕಸ್ ಎಂಬುದು ಬೆರಳ ತುದಿಯ ವಿದ್ಯೆಯಾಗಿತ್ತು. ಆ ಕಾಲದ ಲೆನ್ಸುಗಳನ್ನು ಕಟ್ಟಿದ್ದೂ ಹಾಗೆಯೇ: ಹಿತ್ತಾಳೆ, ಅಲ್ಯುಮಿನಿಯಂ, ಗಾಜು, ಒಂದಿಷ್ಟು ಗ್ರೀಸು. ಕೆಟ್ಟುಹೋಗುವ ವಿದ್ಯುನ್ಮಾನ ಭಾಗ ಯಾವುದೂ ಒಳಗಿಲ್ಲದಿರುವುದೇ ಅವುಗಳ ದೀರ್ಘಾಯುಷ್ಯದ ಗುಟ್ಟು.

ರೇಂಜ್‌ಫೈಂಡರ್ ಎಂದೊಡನೆ ನೆನಪಾಗುವ ಹೆಸರು ಲೈಕಾ. ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದ ಲೈಟ್ಸ್ ಕಂಪನಿಯಲ್ಲಿ ಓಸ್ಕರ್ ಬಾರ್ನಾಕ್ ರೂಪಿಸಿದ ಈ ಕ್ಯಾಮರಾ 1925ರಲ್ಲಿ ಮಾರಾಟಕ್ಕೆ ಬಂದಿತು. ಮುಂದೆ 1930ರ ದಶಕದ ಆರಂಭದಲ್ಲಿ ಲೆನ್ಸುಗಳನ್ನು ಕಳಚಿ ಬದಲಿಸುವ ಅನುಕೂಲ ಒದಗಿತು. ಬಾಟಲಿಯ ಮುಚ್ಚಳದಂತೆ ತಿರುಗಿಸಿ ಕೂರಿಸುವ 39 ಮಿ.ಮೀ. ವ್ಯಾಸದ ತಿರುಪು ಅದು. ಲೆನ್ಸು ಬಂದು ಕೂರುವ ಲೋಹದ ಮುಖದಿಂದ ಫಿಲ್ಮಿನವರೆಗಿನ ಅಂತರ 28.8 ಮಿ.ಮೀ. ಎಂದು ನಿಗದಿಯಾಯಿತು. 1954ರಲ್ಲಿ ಎಂ3 ಎಂಬ ಮಾದರಿ ಬಂದಾಗ ತಿರುಪಿನ ಬದಲು, ಒಂದಿಷ್ಟು ತಿರುವಿದರೆ ಕಚ್ಚಿಕೊಳ್ಳುವ 'ಬಯೊನೆಟ್' ಕಂಠವನ್ನು ತಂದರು. ಹಳೆಯ ಗ್ರಾಹಕರ ಗತಿ? ಇಲ್ಲಿಯೇ ಆ ಎಂಜಿನಿಯರುಗಳ ಸಜ್ಜನಿಕೆ ಕಾಣುವುದು. ಹೊಸ ಕ್ಯಾಮರಾದಲ್ಲಿ ಆ ಅಂತರವನ್ನು 27.8 ಮಿ.ಮೀ. ಎಂದು, ಅಂದರೆ ಸರಿಯಾಗಿ 1 ಮಿ.ಮೀ. ಕಡಿಮೆ ಇಟ್ಟರು. ಹಳೆಯ ತಿರುಪಿನ ಲೆನ್ಸಿಗೆ 1 ಮಿ.ಮೀ. ದಪ್ಪದ ಒಂದು ಲೋಹದ ಬಳೆಯನ್ನು ತೊಡಿಸಿದರೆ ಅದು ಹೊಸ ಕಂಠದಲ್ಲಿ ಕರಾರುವಾಕ್ಕಾಗಿ ಕೂರುತ್ತದೆ. ಹಿಂಬದಿಯ ಅಂಚು ಗಾಲಿಯನ್ನು ಎಂದಿನಂತೆ ಒತ್ತುತ್ತದೆ. ಆ ಕಂಠ ಇಂದಿಗೂ ಬದಲಾಗಿಲ್ಲ. 1935ರ ಲೆನ್ಸನ್ನು 2022ರಲ್ಲಿ ಬಂದ ಎಂ11 ಎಂಬ ಡಿಜಿಟಲ್ ಲೈಕಾಕ್ಕೆ ತೊಡಿಸಲು ಬೇಕಾದುದು ಈ ಬಳೆ ಮಾತ್ರ. ಮೂರು ವರ್ಷಕ್ಕೊಮ್ಮೆ ಚಾರ್ಜರಿನ ತೂತು ಬದಲಾಗುವ ಈ ಕಾಲದಲ್ಲಿ ಇದನ್ನು ಪವಾಡವೆಂದೇ ಎಣಿಸಬೇಕು.

ಒಬ್ಬರ ಲೆನ್ಸನ್ನು ಇನ್ನೊಬ್ಬರ ಕ್ಯಾಮರಾಕ್ಕೆ ತೊಡಿಸುವ ಹವ್ಯಾಸವೂ ಹೊಸದಲ್ಲ. 1950ರಲ್ಲಿ 'ಲೈಫ್' ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿದ್ದಾಗ, ಜುನ್ ಮಿಕಿ ಎಂಬ ಜಪಾನಿ ಸಹೋದ್ಯೋಗಿ ನಿಕಾನ್ ಕಂಪನಿಯ 85 ಮಿ.ಮೀ. ಲೆನ್ಸಿನಿಂದ ಅವರದೊಂದು ಚಿತ್ರ ತೆಗೆದು ತೋರಿಸಿದರು. ಅದರ ಸ್ಪಷ್ಟತೆ ಕಂಡು ಬೆರಗಾದ ಡಂಕನ್, ನಿಕಾನ್ ಲೆನ್ಸುಗಳನ್ನೇ ತಮ್ಮ ಲೈಕಾಕ್ಕೆ ತೊಡಿಸಿಕೊಂಡು ಕೊರಿಯಾದ ಯುದ್ಧಭೂಮಿಗೆ ತೆರಳಿದರು. ಅಲ್ಲಿಂದ ಬಂದ ಚಿತ್ರಗಳು ಜಪಾನಿನ ಲೆನ್ಸುಗಳ ಬಗ್ಗೆ ಜಗತ್ತಿಗಿದ್ದ ಅಸಡ್ಡೆಯನ್ನು ತೊಡೆದುಹಾಕಿದವು. ತಿರುಪಿನ ಅಳತೆ ಒಂದೇ ಆಗಿದ್ದುದರಿಂದ ತಾನೇ ಇದು ಸಾಧ್ಯವಾದದ್ದು!

ಡಿಜಿಟಲ್ ಯುಗ ಬಂದಾಗ ಮಾತ್ರ ಒಂದು ತೊಡಕು ಎದುರಾಯಿತು. ರೇಂಜ್‌ಫೈಂಡರ್ ಲೆನ್ಸಿನ ಹಿಂಭಾಗ ಫಿಲ್ಮಿಗೆ ತೀರಾ ಹತ್ತಿರವಿರುತ್ತದೆ. ಹೀಗಾಗಿ, ವಿಶೇಷವಾಗಿ ಅಗಲ ನೋಟದ ಲೆನ್ಸುಗಳಲ್ಲಿ, ಚಿತ್ರದ ಮೂಲೆಗಳಿಗೆ ಬೆಳಕು ಬಹಳ ಓರೆಯಾಗಿ ಬಂದು ಬೀಳುತ್ತದೆ. ಫಿಲ್ಮು ಅದನ್ನು ಲೆಕ್ಕಿಸುತ್ತಿರಲಿಲ್ಲ. ಚಾಪೆಯ ಮೇಲೆ ಮಳೆ ಹೇಗೆ ಬಿದ್ದರೂ ಚಾಪೆ ತೊಯ್ಯುತ್ತದಷ್ಟೆ. ಆದರೆ ಡಿಜಿಟಲ್ ಸಂವೇದಕ, ಅಂದರೆ ಸೆನ್ಸರ್, ಸಾಲಾಗಿ ಜೋಡಿಸಿದ ಲೋಟಗಳ ಹಾಗೆ. ಓರೆ ಮಳೆಗೆ ಲೋಟ ಸರಿಯಾಗಿ ತುಂಬುವುದಿಲ್ಲ. ಪರಿಣಾಮವಾಗಿ ಮೂಲೆಗಳು ಕಪ್ಪಾಗುತ್ತವೆ, ಕೆಲವೊಮ್ಮೆ ಕೆನ್ನೇರಳೆ ಬಣ್ಣಕ್ಕೆ ತಿರುಗುತ್ತವೆ. 2004ರಲ್ಲಿ ಬಂದ ಮೊದಲ ಡಿಜಿಟಲ್ ರೇಂಜ್‌ಫೈಂಡರ್, ಜಪಾನಿನ ಎಪ್ಸನ್ ಆರ್-ಡಿ1, ಚಿಕ್ಕ ಸಂವೇದಕವನ್ನಿಟ್ಟು ಮೂಲೆಗಳ ಗೊಡವೆಯಿಂದಲೇ ಬಹುಪಾಲು ಪಾರಾಯಿತು. (ಫಿಲ್ಮಿಲ್ಲದಿದ್ದರೂ ಅದರ ಶಟರನ್ನು ಸಜ್ಜುಗೊಳಿಸಲು ಹಳೆಯ ಕಾಲದಂತೆ ಸನ್ನೆಯನ್ನು ಎಳೆಯಬೇಕಿತ್ತು!) 2006ರ ಲೈಕಾ ಎಂ8 ಸಂವೇದಕದ ಮೇಲಿನ ಗಾಜನ್ನು ತೀರಾ ತೆಳುವಾಗಿಸಿತು. ಓರೆ ಬೆಳಕಿಗೆ ಅದು ಒಳ್ಳೆಯದಾಯಿತು, ಆದರೆ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳೂ ಒಳಗೆ ನುಸುಳಿ, ಕೃತಕ ನೂಲಿನ ಕರಿಯ ಬಟ್ಟೆಗಳು ಚಿತ್ರದಲ್ಲಿ ನೇರಳೆಯಾಗಿ ಕಾಣತೊಡಗಿದವು. ಕೊನೆಗೆ ಕಂಪನಿಯೇ ಪ್ರತಿ ಗ್ರಾಹಕನಿಗೂ ಎರಡೆರಡು ಫಿಲ್ಟರುಗಳನ್ನು ಉಚಿತವಾಗಿ ಕೊಡಬೇಕಾಯಿತು. 2009ರ ಎಂ9ರಲ್ಲಿ ಸಂವೇದಕ ಫಿಲ್ಮಿನಷ್ಟೇ ದೊಡ್ಡದಾಗಿ, 24×36 ಮಿ.ಮೀ. ಆಯಿತು, ಅಲ್ಲಿಗೆ 50 ಮಿ.ಮೀ. ಲೆನ್ಸು ಮತ್ತೆ 50 ಮಿ.ಮೀ. ನೋಟವನ್ನೇ ಕೊಡತೊಡಗಿತು. ಎಂ8ರಲ್ಲಿ ಅದು ಸುಮಾರು 67 ಮಿ.ಮೀ. ಲೆನ್ಸಿನಂತೆ ನೋಟವನ್ನು ಕಿರಿದುಗೊಳಿಸುತ್ತಿತ್ತು.

ಬಳೆಯನ್ನು ಕೊಳ್ಳುವವರಿಗೆ ಒಂದು ಸೂಚನೆ. ನೋಟದ ಕಿಂಡಿಯಲ್ಲಿ ಲೆನ್ಸಿಗೆ ತಕ್ಕಂತೆ ಚೌಕಟ್ಟಿನ ಗೆರೆಗಳು ಮೂಡಬೇಕಾದುದರಿಂದ ಈ ಬಳೆಗಳು ಬೇರೆ ಬೇರೆ ಅಳತೆಗಳಿಗೆಂದು ಬರುತ್ತವೆ, 50 ಮಿ.ಮೀ. ಲೆನ್ಸಿಗೆ 50ರ ಬಳೆಯನ್ನೇ ಕೇಳಿ ಪಡೆಯಬೇಕು. ಹೊಸ ಲೈಕಾ ಲೆನ್ಸುಗಳ ಕಂಠದ ಮೇಲೆ ಆರು ಕಪ್ಪು ಬಿಳುಪು ಚುಕ್ಕೆಗಳ ಗುರುತಿರುತ್ತದೆ; ಯಾವ ಲೆನ್ಸು ಬಂದಿದೆಯೆಂದು ಅದರಿಂದ ಕ್ಯಾಮರಾ ತಿಳಿಯುತ್ತದೆ. ಹಳೆಯ ಲೆನ್ಸಿಗೆ ಆ ಗುರುತಿಲ್ಲ. ಎಂ9ರಿಂದ ಈಚೆಗೆ ಕ್ಯಾಮರಾದ ಪಟ್ಟಿಯಲ್ಲಿ ಹೋಲುವ ಲೆನ್ಸಿನ ಹೆಸರನ್ನು ನಾವೇ ಆರಿಸಿ ಹೇಳಬಹುದು.

ಇನ್ನು ನಮ್ಮ ಕಪಾಟಿನ ವಿಚಾರ. ಅಲ್ಲಿರುವುದು ಏನೆಂಬುದರ ಮೇಲೆ ಎಲ್ಲವೂ ನಿಂತಿದೆ. ಬಹಳ ಮನೆಗಳಲ್ಲಿ ಇರುವುದು ವಡೋದರದಲ್ಲಿ ತಯಾರಾಗುತ್ತಿದ್ದ 'ಆಗ್ಫಾ ಕ್ಲಿಕ್ 3'. ನೆನಪಿನ ದೃಷ್ಟಿಯಿಂದ ಅಮೂಲ್ಯ, ಆದರೆ ಅದರ ಲೆನ್ಸು ಕಳಚಿ ಬರುವಂಥದಲ್ಲ. 'ಯಾಶಿಕಾ ಎಲೆಕ್ಟ್ರೋ 35' ನಿಜವಾದ ರೇಂಜ್‌ಫೈಂಡರ್. ಅದರ ಲೆನ್ಸಂತೂ ಬಹಳ ಸೊಗಸು. ದುರದೃಷ್ಟವೆಂದರೆ ಅದೂ ಪೆಟ್ಟಿಗೆಗೆ ಶಾಶ್ವತವಾಗಿ ಬಂಧಿತ. ಇವೆರಡನ್ನೂ ಬಿಚ್ಚಿಸಲು ಹೋಗದೆ ಷೋಕೇಸಿನಲ್ಲಿ ಗೌರವದಿಂದ ಇಟ್ಟುಬಿಡಿ.

ಅತಿ ಹೆಚ್ಚು ಮೋಸ ಹೋಗುವುದು 'ಝೆನಿಟ್' ವಿಷಯದಲ್ಲಿ. ಸೋವಿಯತ್ ದೇಶದ ಈ ಕ್ಯಾಮರಾದ ಒಳಗೆ ಕನ್ನಡಿಯಿದೆ. ಇದು ರೇಂಜ್‌ಫೈಂಡರ್ ಅಲ್ಲ. ಆದರೂ ಆರಂಭದ ಝೆನಿಟ್ ಲೆನ್ಸುಗಳ ತಿರುಪು ಕೂಡ 39 ಮಿ.ಮೀ.! ಬಳೆಗೆ ಅದು ಸಲೀಸಾಗಿ ಕೂರುತ್ತದೆ. ಆದರೆ ಕನ್ನಡಿಗೆ ಜಾಗ ಬೇಕಾದ್ದರಿಂದ ಅದನ್ನು ಫಿಲ್ಮಿನಿಂದ 45.2 ಮಿ.ಮೀ. ದೂರಕ್ಕೆಂದು ರೂಪಿಸಲಾಗಿದೆ. 28.8ರಲ್ಲಿ ಕೂರಿಸಿದರೆ ಹತ್ತಿರದ್ದಾಗಲಿ ದೂರದ್ದಾಗಲಿ ಯಾವುದೂ ಸ್ಪಷ್ಟವಾಗುವುದಿಲ್ಲ. ತಿರುಪು ಕೂಡಿತೆಂದ ಮಾತ್ರಕ್ಕೆ ಲೆನ್ಸು ಹೊಂದಿತೆಂದಲ್ಲ. ಗೋತ್ರ ಬೇರೆಯಾದರೆ ಸಾಲದು, ಜಾತಕವೂ ಕೂಡಬೇಕಲ್ಲ! ನಿಕಾನ್, ಪೆಂಟಾಕ್ಸ್ ಮುಂತಾದ ಕನ್ನಡಿ ಕ್ಯಾಮರಾಗಳ ಲೆನ್ಸುಗಳ ಕಥೆಯೂ ಇದೇ. ನಿಕಾನಿನ ಅಂತರ 46.5 ಮಿ.ಮೀ.; ಹಾಗಾಗಿ 18.7 ಮಿ.ಮೀ. ಉದ್ದದ ಕೊಳವೆಯೊಂದನ್ನು ನಡುವೆ ಇಟ್ಟರೆ ಲೈಕಾಕ್ಕೆ ಕೂರುತ್ತದೆ. ಆದರೆ ಗಾಲಿಯನ್ನು ಒತ್ತುವ ಅಂಚು ಅದಕ್ಕಿಲ್ಲ. ಕಿಂಡಿಯಲ್ಲಿ ಬಿಂಬಗಳು ಕದಲುವುದೇ ಇಲ್ಲ. 2012ರಲ್ಲಿ ಪ್ರಕಟವಾದ ಎಂ (ಟೈಪ್ 240) ಮಾದರಿಯಲ್ಲಿ ಲೆನ್ಸಿನ ನೋಟವನ್ನು ಹಿಂದಿನ ಪರದೆಯ ಮೇಲೆ ನೇರವಾಗಿ ನೋಡುವ ಸೌಲಭ್ಯ ಬಂದ ಮೇಲೆ ಇಂಥ ಲೆನ್ಸುಗಳೂ ಉಪಯೋಗಕ್ಕೆ ಬಂದವು.

ಸೋವಿಯತ್ ದೇಶದವೇ ಆದ 'ಝೋರ್ಕಿ', 'ಫೆಡ್' ಕ್ಯಾಮರಾಗಳು ಮಾತ್ರ ಅಸಲಿ ರೇಂಜ್‌ಫೈಂಡರುಗಳು. ಇವುಗಳ ತಿರುಪೂ ಅಂತರವೂ ಲೈಕಾದ್ದೇ. ಕೋಥರೂಡಿನಲ್ಲಿರುವ, ಮೂಲತಃ ಧಾರವಾಡದ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಇಂಥದೊಂದು ಝೋರ್ಕಿ-4 ಇದೆ. ಭಿಲಾಯಿ ಉಕ್ಕಿನ ಕಾರ್ಖಾನೆಯಲ್ಲಿದ್ದ ಅವರ ಸೋದರಮಾವ ರಷ್ಯದ ತಂತ್ರಜ್ಞರೊಬ್ಬರಿಂದ ಕೊಂಡು, ತಂಗಿಯ ಮದುವೆಗೆ ಭಾವನಿಗೆ ಉಡುಗೊರೆಯಾಗಿ ಕೊಟ್ಟದ್ದು. ಮನೆಯ ಆಲ್ಬಮ್ಮಿನಲ್ಲಿರುವ ಕಪ್ಪು ಬಿಳುಪು ಚಿತ್ರಗಳೆಲ್ಲ ಅದರವೇ. ತಂದೆಯವರು ತೀರಿಕೊಂಡು, ಕ್ಯಾಮರಾದ ಶಟರ್ ಬಟ್ಟೆ ಹರಿದು, ರಿಪೇರಿಯವನೂ ಕೈಚೆಲ್ಲಿದ್ದ. ಮಕ್ಕಳು ಮಾರಿಬಿಡುವ ಮಾತಾಡುತ್ತಿದ್ದರು. ಮುಂದಿದ್ದ 'ಜುಪಿಟರ್-8' ಲೆನ್ಸು (50 ಮಿ.ಮೀ., ಎಫ್ 2) ಮಾತ್ರ ಕೊಳದ ನೀರಿನಂತೆ ತಿಳಿಯಾಗಿತ್ತು. ಜರ್ಮನಿಯ ಝೈಸ್ ಕಂಪನಿಯ ಪ್ರಸಿದ್ಧ 'ಸೊನ್ನಾರ್' ವಿನ್ಯಾಸವನ್ನು ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಕಾರ್ಖಾನೆಗಳು ಕೈಗೆತ್ತಿಕೊಂಡು ತಯಾರಿಸಿದ ಲೆನ್ಸು ಇದು.

ಅಮೆರಿಕದಿಂದ ಬಂದ ಅಳಿಯನ ಬಳಿ ಡಿಜಿಟಲ್ ಲೈಕಾ ಇತ್ತು. ಬಳೆ ತರಿಸಿ, ಲೆನ್ಸು ತೊಡಿಸಿ, ಎಂಬತ್ತು ದಾಟಿದ ತಾಯಿಯನ್ನು ಕಿಟಕಿಯ ಬಳಿ ಕೂರಿಸಿ ಒಂದು ಮೀಟರ್ ದೂರದಿಂದ ಚಿತ್ರ ತೆಗೆದರು. ಕಣ್ಣಿನ ಮೇಲೆ ಬಿಂಬಗಳನ್ನು ಕೂಡಿಸಿದ್ದರೂ ಚಿತ್ರದಲ್ಲಿ ಸ್ಪಷ್ಟವಾಗಿದ್ದದ್ದು ಕಪಾಲದ ಮೇಲಿನ ಬಿಳಿಗೂದಲು, ಕಣ್ಣುಗಳು ಮಸುಕು. ಮುಖ ಸಪ್ಪಗಾದ ಅಳಿಯ ಲೆನ್ಸು ಕೆಟ್ಟಿದೆಯೆಂದ. ಲೆನ್ಸು ಕೆಟ್ಟಿರಲಿಲ್ಲ. ಲೈಕಾದ ದೂರಮಾಪಕ ತನ್ನ ಮುಂದಿರುವ ಲೆನ್ಸಿನ ನಾಭಿದೂರ 51.6 ಮಿ.ಮೀ. ಎಂದು ನಂಬಿ ಲೆಕ್ಕ ಹಾಕುತ್ತದೆ. ಹೆಸರಿಗೆ 50 ಎಂದಿದ್ದರೂ ನಿಜವಾದ ಅಳತೆ ಅದು. ಸೋವಿಯತ್ ಕಾರ್ಖಾನೆಗಳು ಝೈಸ್ ಪದ್ಧತಿಯಂತೆ 52.4 ಮಿ.ಮೀ. ಅನ್ನು ಆಧಾರವಾಗಿಟ್ಟುಕೊಂಡವು. ವ್ಯತ್ಯಾಸ ಮಿಲಿಮೀಟರಿಗಿಂತ ಕಡಿಮೆ. ದೂರದ ಬೆಟ್ಟಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಮೀಟರಿನಲ್ಲಿ ಮಾತ್ರ ಫೋಕಸ್ ಸುಮಾರು 3 ಸೆಂಟಿಮೀಟರ್ ಹಿಂದಕ್ಕೆ ಬೀಳುತ್ತದೆ. ಎಫ್ 2ರಲ್ಲಿ ಕಣ್ಣು ತಪ್ಪಿಹೋಗಲು ಅಷ್ಟು ಸಾಕು. ಫಿಲ್ಮಿನಿಂದ ಅಂಚೆಕಾರ್ಡಿನ ಗಾತ್ರದ ಮುದ್ರಣ ತೆಗೆಯುತ್ತಿದ್ದ ಕಾಲದಲ್ಲಿ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಡಿಜಿಟಲ್ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುವ ನಮ್ಮ ಚಪಲ ಅದನ್ನು ಹೊರಗೆಳೆಯಿತು.

ಪರಿಹಾರ ಸುಲಭ. ಲೆನ್ಸಿನ ರಂಧ್ರವನ್ನು ಎಫ್ 5.6ಕ್ಕೆ ಕಿರಿದುಗೊಳಿಸಿದರೆ ಸ್ಪಷ್ಟತೆಯ ಆಳ ಹೆಚ್ಚಿ ದೋಷ ಮುಚ್ಚಿಹೋಗುತ್ತದೆ. ಎರಡು ಮೂರು ಮೀಟರ್ ಹಿಂದೆ ಸರಿದರೂ ಸರಿ. ಪರದೆಯ ಮೇಲೆ ನೇರವಾಗಿ ನೋಡುವ ಮಾದರಿಯಾದರೆ ದೂರಮಾಪಕವನ್ನೇ ಮರೆತುಬಿಡಬಹುದು. ಅಳಿಯ ಕೊನೆಯದನ್ನು ಮಾಡಿದ. ಮದುಮಗಳಾಗಿ ಯಾವ ಗಾಜಿನೆದುರು ಕೂತಿದ್ದರೋ ಅದೇ ಗಾಜಿನೆದುರು ಆ ತಾಯಿ ಮತ್ತೆ ಕೂತರು. ಈಗ ಎರಡು ಚಿತ್ರಗಳೂ ಅವರ ಹಜಾರದಲ್ಲಿ ಅಕ್ಕಪಕ್ಕದಲ್ಲಿವೆ. ಮಾರುವ ಮಾತು ಮತ್ತೆ ಬಂದಿಲ್ಲ.

ಹಳೆಯ ಲೆನ್ಸಿನ ಚಿತ್ರ ಹೊಸದರಂತೆ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಇಂದಿನ ಲೆನ್ಸುಗಳ ಗಾಜಿಗಿರುವ ಹಲವು ಪದರಗಳ ಲೇಪ ಆ ಕಾಲದವುಗಳಿಗಿಲ್ಲ. ಸೂರ್ಯ ಎದುರಿಗಿದ್ದರೆ ಚಿತ್ರದ ಮೇಲೆಲ್ಲ ತೆಳ್ಳನೆಯ ಮಂಜು ಕವಿಯುತ್ತದೆ. ವಯಸ್ಸಾದವರ ಮುಖಕ್ಕೆ ಈ ಮೃದುತ್ವ ಒಪ್ಪುತ್ತದೆ, ಹಂಪಿಯ ಕಲ್ಲಿನ ಕೆತ್ತನೆಗೆ ಒಪ್ಪುವುದಿಲ್ಲ. ಹಳೆಯದೆಲ್ಲ ಚಿನ್ನವೆಂದು ಹೊಗಳುವ ಲೇಖನಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ವೃತ್ತಿಯಿಂದ ಬ್ಯಾಂಕಿನವನಾದ್ದರಿಂದ ಖರ್ಚಿನ ಮಾತನ್ನೂ ಆಡಿಬಿಡುತ್ತೇನೆ. ಡಿಜಿಟಲ್ ಲೈಕಾದ ಬೆಲೆ ಹಲವು ಲಕ್ಷ ರೂಪಾಯಿಗಳು. ಗೃಹಸಾಲ ತೀರಿಸಿದ ಸಂತೋಷದಲ್ಲಿ ಇನ್ನೊಂದು ಸಾಲಕ್ಕೆ ಕೈಹಾಕುವಂಥ ವಸ್ತು ಅದಲ್ಲ. ಕಪಾಟಿನ ಲೆನ್ಸಿಗಾಗಿಯೇ ಅದನ್ನು ಕೊಳ್ಳುವುದು, ಕುದುರೆಯ ಲಾಳ ಸಿಕ್ಕಿತೆಂದು ಕುದುರೆ ಕೊಂಡಂತಾದೀತು. ಕಡಿಮೆ ಖರ್ಚಿನ ದಾರಿಯೊಂದಿದೆ. 2008ರಿಂದ ಈಚೆಗೆ ಬಂದಿರುವ ಕನ್ನಡಿಯಿಲ್ಲದ, ಲೆನ್ಸು ಬದಲಿಸಬಹುದಾದ 'ಮಿರರ್‌ಲೆಸ್' ಕ್ಯಾಮರಾಗಳಲ್ಲಿ ಆ ಅಂತರ ಇನ್ನೂ ಕಡಿಮೆ: ಸೋನಿಯಲ್ಲಿ 18 ಮಿ.ಮೀ., ನಿಕಾನ್ ಝಡ್ ಶ್ರೇಣಿಯಲ್ಲಿ 16 ಮಿ.ಮೀ. ಉಳಿದ ಅಂತರವನ್ನು ತುಂಬುವ ಉಂಗುರವನ್ನು ನಡುವೆ ಇಟ್ಟರೆ ಝೋರ್ಕಿಯ ಲೆನ್ಸೂ ಕೂರುತ್ತದೆ, ಝೆನಿಟ್‌ನದೂ ಕೂರುತ್ತದೆ. ಅಂಥ ಸಾದಾ ಉಂಗುರಕ್ಕೆ ಹೆಚ್ಚು ಬೆಲೆಯಿಲ್ಲ. ಮಗನೋ ಸೊಸೆಯೋ ಈಗಾಗಲೇ ಇಂಥ ಕ್ಯಾಮರಾ ಇಟ್ಟುಕೊಂಡಿದ್ದರೆ ಉಂಗುರದ ಖರ್ಚಷ್ಟೇ. ಕಿಂಡಿಯಲ್ಲಿ ಬಿಂಬ ಕೂಡಿಸುವ ಆನಂದ ಇಲ್ಲಿಲ್ಲ, ಆದರೆ ನೋಟವನ್ನು ಹಿಗ್ಗಿಸಿ ಫೋಕಸ್ ಮಾಡಬಹುದಾದ್ದರಿಂದ ಮೇಲೆ ಹೇಳಿದ 3 ಸೆಂಟಿಮೀಟರಿನ ತಕರಾರೂ ಇಲ್ಲ. ಲೆನ್ಸಿಲ್ಲದೆ ಶಟರ್ ಒತ್ತಲು ಅನುಮತಿ ಕೊಡುವ ಒಂದು ಆಯ್ಕೆ ಕ್ಯಾಮರಾದ ಪಟ್ಟಿಯಲ್ಲಿರುತ್ತದೆ. ಅದನ್ನು ಮೊದಲು ತೆರೆದಿಡಬೇಕು. ಹಿಂಭಾಗ ಬಹಳ ಒಳಗೆ ಚಾಚಿಕೊಂಡಿರುವ ಲೆನ್ಸು (ಸೋವಿಯತ್ 'ಜುಪಿಟರ್-12' ಅಂಥದು) ಶಟರಿಗೆ ತಗಲೀತೇ ಎಂದು ನೋಡಿಕೊಳ್ಳದೆ ತೊಡಿಸಬಾರದು.

ಲೆನ್ಸಿನ ನಿಜವಾದ ಶತ್ರು ಬೂಷ್ಟು. ಉಡುಪಿ, ಮಂಗಳೂರು ಕಡೆಯಿಂದ ಬಂದವರ ಮನೆಯ ಕ್ಯಾಮರಾಗಳು ಕರಾವಳಿಯ ತೇವವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂದಿರುತ್ತವೆ. ಪುಣೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಉಳಿದದ್ದನ್ನು ಪೂರೈಸುತ್ತದೆ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಬೇಗ ಕಂಡುಹಿಡಿದರೆ ಬಲ್ಲವರಿಂದ ಬಿಚ್ಚಿಸಿ ಒರೆಸಬಹುದು. ತಡವಾದರೆ ಅದು ಗಾಜಿನ ಲೇಪವನ್ನೇ ಕೊರೆದುಬಿಡುತ್ತದೆ, ಆ ಕಲೆ ಹೋಗದು. ಮುಂದಿನ ಗಾಜಿನ ಸಣ್ಣ ಗೀರು ಚಿತ್ರವನ್ನು ಕೆಡಿಸುವುದಿಲ್ಲ, ಹಿಂದಿನ ಗಾಜಿನ ಗೀರು ಕೆಡಿಸುತ್ತದೆ. ಬೂಷ್ಟು ಹಿಡಿದ ಲೆನ್ಸನ್ನು ಒಳ್ಳೆಯವುಗಳ ಜತೆಗೆ ಇಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಚರ್ಮದ ಚೀಲವನ್ನು ಬೇರೆಯಿಡಿ. ಅದು ತೇವವನ್ನು ಹೀರಿಕೊಂಡು ಕೂರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮಳೆಗಾಲದಲ್ಲಿ ಪೊಟ್ಟಣವನ್ನು ಆಗಾಗ ಬದಲಿಸುವ ಶಿಸ್ತು — ಇಷ್ಟಿದ್ದರೆ ಸಾಕು.

ಲೆನ್ಸು ತೊಡಿಸಿದ ಮೇಲೆ ಎರಡು ಪರೀಕ್ಷೆಗಳನ್ನು ಮಾಡಿ. ಹತ್ತಿರದ ಪರೀಕ್ಷೆಗೆ ಮೇಜಿನ ಮೇಲೆ ದಿನಪತ್ರಿಕೆಯನ್ನು ಹಾಸಿ, ಒಂದು ಮೀಟರಿನಿಂದ ಓರೆಯಾಗಿ, ರಂಧ್ರವನ್ನು ಪೂರ್ತಿ ತೆರೆದು, ನಡುವಿನ ಸಾಲಿಗೆ ಫೋಕಸ್ ಮಾಡಿ. ಯಾವ ಸಾಲು ಸ್ಪಷ್ಟವಾಗಿ ಬಂದಿದೆಯೆಂಬುದು ದೋಷದ ಅಳತೆಯನ್ನು ಹೇಳುತ್ತದೆ. ದೂರದ ಪರೀಕ್ಷೆಗೆ ನಮ್ಮ ಊರಿನಲ್ಲಿ ಪರ್ವತಿಗಿಂತ ಒಳ್ಳೆಯ ಜಾಗವಿಲ್ಲ. ಮೆಟ್ಟಿಲು ಹತ್ತಿ, ಬಳೆಯನ್ನು ಅನಂತದ ಗುರುತಿಗೆ ತಿರುಗಿಸಿ, ಸಿಂಹಗಡದ ಮೇಲಿನ ಟಿ.ವಿ. ಗೋಪುರದ ಚಿತ್ರ ತೆಗೆಯಿರಿ. ಮಳೆ ಸುರಿದು ನಿಂತ ಮರುದಿನದ ಬೆಳಗು ಇದಕ್ಕೆ ಪ್ರಶಸ್ತ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಬೇಡ. ಬಿಸಿಗಾಳಿಯಲ್ಲಿ ಗೋಪುರವೇ ನಡುಗುತ್ತಿರುತ್ತದೆ, ಆ ನಡುಕಕ್ಕೆ ಲೆನ್ಸನ್ನು ದೂರುವಂತಿಲ್ಲ.